ಕುಣಿ ತೋಡಲಾಗದ ಮನೆ

ಹೊಸದಾಗಿ ಬಾಡಿಗೆಗೆ ಹಿಡಿದ ಮನೆಯ ಮಾಲಕರು ಮೊನ್ನೆ ಒಂದು ಕಾಗದ ಕಳಿಸಿದರು. ಹೈದರಾಬಾದಿನಲ್ಲಿ ಇದು ನಮ್ಮ ಎಂಟನೆಯ ಮನೆಯೋ ಒಂಬತ್ತನೆಯದೋ, ಹೆಂಡತಿಯನ್ನು ಕೇಳಿದರೆ ಸರಿಯಾದ ಸಂಖ್ಯೆ ಸಿಗುತ್ತದೆ, ಆದರೆ ಅದರ ಹಿಂದೆ ಇನ್ನೂ ಅನೇಕ ಮಾತು ಬರುತ್ತವೆ, ಆದ್ದರಿಂದ ಕೇಳುವುದಿಲ್ಲ. ಕಾಗದದ ತುಂಬ ಷರತ್ತುಗಳು. ಅವುಗಳಲ್ಲಿ ಒಂದು, ಗೋಡೆಗೆ ಮೊಳೆ ಹೊಡೆಯಬಾರದು. ಹೆಂಡತಿ ಆಗ ಕ್ಯಾಲೆಂಡರು ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದಳು.

"ಇದನ್ನ ನಾನ ಕೊರಳಾಗ ಹಾಕ್ಕೊಂಡು ತಿರುಗ್ಲೇನ್ರಿ?" ಎಂದಳು.

ನಕ್ಕೆ. ನಗು ಅರ್ಧಕ್ಕೆ ನಿಂತಿತು. ಒಂದು ಮೊಳೆಗೆ ಇಷ್ಟು ರಗಳೆ ಮಾಡುವ ಕಾಲದಲ್ಲಿ ಕೂತು ಯೋಚಿಸಿದರೆ ನಂಬಲಿಕ್ಕೆ ಆಗುವುದಿಲ್ಲ: ನಮ್ಮ ಅಣ್ಣ ನಾರಾಯಣಪೇಟೆಯಲ್ಲಿ ಪರರ ಮನೆಯ ನೆಲದಲ್ಲಿ ಸೊಂಟದಾಳದ ಗುಂಡಿ ತೋಡುತ್ತಿದ್ದ. ಮಾಲಕರು ಎದುರಿಗೆ ನಿಂತು ನೋಡುತ್ತಿದ್ದರು. ಯಾರೂ ಬೇಡ ಅನ್ನುತ್ತಿರಲಿಲ್ಲ.

ಆಗ ನಿಜಾಮರ ರಾಜ್ಯ. ನಾವು ನೇಯುವವರು. ನೀವು ಕುಣಿ ಮಗ್ಗ ನೋಡಿರಲಿಕ್ಕಿಲ್ಲ. ನೆಲದಲ್ಲಿ ಒಂದು ಗುಂಡಿ, ಅದೇ ಕುಣಿ. ನೇಯುವವನು ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಡುತ್ತಾನೆ. ತುಳಿಯುವ ಹಲಗೆಗಳು ಕೆಳಗೆ, ಉದ್ದಕ್ಕೆ ಬಿಗಿದ ಹಾಸಿನ ನೂಲು ಹೆಚ್ಚುಕಡಿಮೆ ನೆಲದ ಮಟ್ಟಕ್ಕೆ. ಮಣ್ಣಿನ ತಂಪು ನೂಲಿಗೆ ತಾಗುತ್ತಿರಬೇಕು. ಇಲ್ಲದಿದ್ದರೆ ನಮ್ಮ ಕಡೆಯ ಬಿಸಿಲಿಗೆ ಎಳೆ ಪಟಪಟ ಹರಿಯುತ್ತದೆ. ಕುಣಿ ಇಲ್ಲದೆ ಮಗ್ಗ ಇಲ್ಲ, ಮಗ್ಗ ಇಲ್ಲದೆ ನಾವು ಇಲ್ಲ. ಮನೆ ಬಾಡಿಗೆಗೆ ಹಿಡಿಯುವಾಗ ಅಣ್ಣ ಗೋಡೆ ನೋಡುತ್ತಿರಲಿಲ್ಲ, ಮಾಳಿಗೆ ಸೋರುತ್ತದೋ ಎಂದು ಕೇಳುತ್ತಿರಲಿಲ್ಲ. ಒಳಗೆ ಹೋಗಿ ಹಿಮ್ಮಡಿಯಿಂದ ನೆಲ ಬಡಿಯುತ್ತಿದ್ದ. ನೇಕಾರರ ಓಣಿಯಲ್ಲಿ ಪ್ರತಿ ಮನೆಯ ನೆಲದಲ್ಲೂ ಹಿಂದಿನವರು ತೋಡಿ, ಬಿಟ್ಟು ಹೋಗುವಾಗ ಮುಚ್ಚಿದ ಕುಣಿ ಇರುತ್ತಿತ್ತು. ಎಷ್ಟು ಬಡಿದು ಸಗಣಿ ಸಾರಿಸಿದ್ದರೂ ಆ ಜಾಗದ ಸದ್ದು ಬೇರೆ. "ಇಲ್ಲೈತಿ," ಎಂದು ಅಣ್ಣ ನಗುತ್ತಿದ್ದ. ಸದ್ದು ಸಿಕ್ಕಲ್ಲೇ ತೋಡುತ್ತಿದ್ದ. ಹಳೆಯ ಕುಣಿಯ ಮಣ್ಣು ಮೆತ್ತಗೆ, ಅರ್ಧ ದಿನದ ಕೆಲಸ.

ಬಿಡುವಾಗ ಮಾತ್ರ ಕಠಿಣ. ಕುಣಿ ತುಂಬಿ, ಬಡಿದು ದಮ್ಮಸ್ಸು ಮಾಡಿ, ಸಾರಿಸಿ ಕೊಡಬೇಕು. ಮಾಲಕರು ಅದರ ಮೇಲೆ ಒಂದು ಕೊಡ ನೀರು ಸುರಿದು ಹೋಗುತ್ತಿದ್ದರು. ಮರುದಿನ ಬಂದು ನೋಡಿದಾಗ ನೆಲ ಕುಸಿದಿದ್ದರೆ ಮತ್ತೆ ಮಣ್ಣು, ಮತ್ತೆ ದಮ್ಮಸ್ಸು. ಎಷ್ಟೋ ವರ್ಷ ಬದುಕಿದ ಜಾಗವನ್ನು ಅಲ್ಲಿ ಯಾರೂ ಬದುಕಿಯೇ ಇಲ್ಲ ಎಂಬಂತೆ ಮಾಡಿ ಕೊಡುವುದು. ಅಣ್ಣ ಹೀಗೆ ಎಷ್ಟು ಕುಣಿ ಮುಚ್ಚಿದನೋ ನನಗೆ ನೆನಪಿಲ್ಲ. ಐದು ಎಂದು ಬರೆಯಲು ಹೊರಟಿದ್ದೆ, ಆದರೆ ಅದು ಹೇಳುವುದಕ್ಕೆ ಚೆನ್ನಾಗಿದೆ ಎಂಬ ಕಾರಣಕ್ಕೆ ಬಂದ ಸಂಖ್ಯೆ. ನನ್ನ ನೆನಪಿಗೆ ಈ ಚಾಳಿ ಇದೆ, ಓದುವಾಗ ನೀವೂ ಎಚ್ಚರ ಇಟ್ಟುಕೊಳ್ಳಿ.

ಈ ಕತೆ ಹುಟ್ಟಿದ್ದು ಚಂದಮ್ಮ ಎಂಬ ವಿಧವೆಯ ಮನೆಯಲ್ಲಿದ್ದಾಗ. ಎರಡನೆಯ ಮಹಾಯುದ್ಧ ಶುರುವಾಗಿ ಎಲ್ಲದರ ಬೆಲೆಯೂ ಏರುತ್ತಿದ್ದ ಕಾಲ. ನೂಲಿಗೆ ಬೆಲೆ ಬಂದಿತ್ತು, ನೂಲು ಕೂಡಿಡುವ ಜಾಗಕ್ಕೆ ಅದಕ್ಕಿಂತ ಹೆಚ್ಚು. ಸಾಹುಕಾರರು ನಮ್ಮ ಓಣಿಯ ಮನೆಗಳನ್ನು ಒಂದೊಂದಾಗಿ ಕೊಂಡು ಗೋದಾಮು ಮಾಡತೊಡಗಿದ್ದರು. ಒಂದು ಬೆಳಿಗ್ಗೆ ಚಂದಮ್ಮ ಬಂದು ಮಗ್ಗದ ಪಕ್ಕದಲ್ಲಿ ಕೂತಳು. ಅವಳು ಆಗಾಗ ಬಂದು ಲಾಳಿಯ ಸದ್ದು ಕೇಳುತ್ತ ಕೂತಿರುತ್ತಿದ್ದಳು, ಹಾಗಾಗಿ ಅಣ್ಣ ಕೈ ನಿಲ್ಲಿಸಲಿಲ್ಲ.

"ಈರಣ್ಣಾ, ನಾ ಏನು ಮಾಡ್ಲಪ್ಪಾ? ಸಾಹುಕಾರ ಕೇಳಿದ್ದು ಕೊಡ್ತೀನಂತಾನ. ನೀ ಸಾಯೂತನ ಕಿರಾಯಿ ಕೊಟ್ರೂ ಅಷ್ಟಾಗಂಗಿಲ್ಲ."

ಲಾಳಿ ನಿಂತಿತು. "ಮಗ್ಗದ ಮ್ಯಾಲೆ ಅರ್ಧ ಸೀರಿ ಐತಿ, ಯವ್ವಾ."

"ಮುಗಿಸಿ ಹೋಗು. ನಾ ಏನು ಕತ್ರಿ ಹಿಡಕೊಂಡು ನಿಂತೀನಾ?"

ಚಂದಮ್ಮ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಅಣ್ಣ ಜಗಳವಾಡಿ ಇನ್ನೊಂದು ಬಾಡಿಗೆ ಮನೆ ಹುಡುಕುತ್ತಿದ್ದ. ಅವಳ ಮಾತು ನ್ಯಾಯವಾಗಿತ್ತು, ಅದೇ ಅವನನ್ನು ಕೆಡಿಸಿತು. ಆ ಸಂಜೆ ಊಟಕ್ಕೆ ಕೂತಾಗ ಅತ್ತಿಗೆಗೆ ಹೇಳಿದ: "ಇನ್ನ ಮಂದಿ ನೆಲದಾಗ ಕಾಲು ಬಿಡಂಗಿಲ್ಲ. ನಂದ ಅಂತ ಒಂದು ಕುಣಿ ಬೇಕು. ಮುಚ್ಚು ಅಂತ ಯಾರೂ ಅನಬಾರದು."

ಅತ್ತಿಗೆ ಕೊರಳಿನ ಬಂಗಾರವನ್ನು ತೆಗೆದುಕೊಟ್ಟಳು. ಆಗ ಏನಾದರೂ ಅಂದಳೋ ಇಲ್ಲವೋ, ನಾನು ಅಲ್ಲಿರಲಿಲ್ಲ. ಇದ್ದೆನೆಂದು ಹಿಂದೆ ಒಂದಿಬ್ಬರಿಗೆ ಹೇಳಿದ್ದೇನೆ, ಅದು ಸುಳ್ಳು.

ಊರೊಳಗೆ ನಮ್ಮ ಕೈಗೆ ಎಟುಕುವ ಜಾಗ ಇರಲಿಲ್ಲ. ಹುಡುಕುತ್ತ ಹುಡುಕುತ್ತ ಮಕ್ತಲ್ ದಾರಿಯಲ್ಲಿ, ಊರು ಮುಗಿದು ಬಯಲು ಶುರುವಾಗುವಲ್ಲಿ ಒಂದು ಸಿಕ್ಕಿತು. ಅಣ್ಣನಿಗೆ ಅಕ್ಷರ ಬಾರದು. ನಾನು ಉರ್ದು ಶಾಲೆಯಲ್ಲಿ ಕಲಿತು ಆಗಷ್ಟೇ ಮಾಸ್ತರಿಕೆಗೆ ಸೇರಿದ್ದವನು, ಆ ಮನೆಯ ವಿದ್ವಾಂಸ. ಖರೀದಿ ಪತ್ರ ನನ್ನ ಮುಂದೆ ಬಂತು. ಕನ್ನಡಕ ಇನ್ನೂ ಬೇಕಾಗಿರಲಿಲ್ಲ, ಆದರೂ ಬೇಕಾದವನ ಹಾಗೆ ಕಾಗದವನ್ನು ದೂರ ಹಿಡಿದು ಓದಿದೆ. ನಾಲ್ಕೂ ಕಡೆಯ ಚಕ್ಕುಬಂದಿ, ಹಿಂದಿನ ಒಡೆಯರ ಹೆಸರು, ಮೊಹರು, ಸಹಿ. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

"ಹೆಂಗೈತಿ, ತಮ್ಮಾ?"

"ಚೊಲೋ ಐತಣ್ಣಾ. ಕಣ್ಣು ಮುಚ್ಚಿ ತಗೋ."

ಅವನು ತೆಗೆದುಕೊಂಡ.

ಗೋಡೆ ಎಬ್ಬಿಸಲು ಮಲ್ಲಪ್ಪ ಎಂಬ ಗೌಂಡಿ ಬಂದ. ಬುನಾದಿ ಅಗೆದ ದಿನ ಅವನು ಹಾರೆ ಎತ್ತಿಕೊಂಡು ಕುಣಿಯುವುದೊಂದು ಬಾಕಿ. "ಈರಣ್ಣಾ, ನಿನ ನಸೀಬ ನೋಡಲೇ! ಎರಡು ಗೇಣಿಗೇ ಬಂಡಿಗಲ್ಲು ಬಂತು. ಬುನಾದಿ ಕೆಲಸಾನ ಇಲ್ಲ. ಗ್ವಾಡಿ ಸೀದಾ ಬಂಡಿ ಮ್ಯಾಲೆ ಕುಂದರ್ತಾವು. ನಿನ ಮೊಮ್ಮಕ್ಕಳು ಆನಿ ತಂದು ಕಟ್ಟಿದ್ರೂ ಅಳ್ಳಾಡಂಗಿಲ್ಲ."

ಅತ್ತಿಗೆ ಕೂಲಿಯವರಿಗೆಲ್ಲ ಬೆಲ್ಲ ಹಂಚಿದಳು. ನಾನೂ ತಿಂದೆ. ಈಗ ನಿಮಗೆ ಇದು ಮೊದಲೇ ಹೊಳೆದಿರಬಹುದು, ನಮಗೆ ಹೊಳೆಯಲಿಲ್ಲ. ಅಲ್ಲಿ ಬೆಲ್ಲ ತಿನ್ನುತ್ತಿದ್ದ ನಮ್ಮ ಮನೆಯ ಮೂವರೂ ಹುಟ್ಟಿನಿಂದ ಕುಣಿಯ ಅಂಚಿನಲ್ಲಿ ಬೆಳೆದವರು. ಎರಡು ಗೇಣಿಗೆ ಬಂಡೆ ಎಂಬ ಮಾತು ಮೂವರ ಕಿವಿಗೂ ಬಿದ್ದಿತ್ತು. ಸ್ವಂತ ಗೋಡೆ ಎಂಬುದು ನಮಗೆ ಹೊಸದು, ಅದರ ಸಂತೋಷದಲ್ಲಿ ನಾವು ಗೋಡೆಯವರಾಗಿಬಿಟ್ಟಿದ್ದೆವು. ಇನ್ನೊಂದು ಕಾರಣವನ್ನು ಆಮೇಲೆ ಎಷ್ಟೋ ವರ್ಷಕ್ಕೆ ಕಂಡುಕೊಂಡೆ. ಅಣ್ಣ ಜೀವಮಾನದಲ್ಲಿ ಒಮ್ಮೆಯೂ ಹೊಸ ನೆಲದಲ್ಲಿ ಕುಣಿ ತೋಡಿರಲಿಲ್ಲ. ಅವನಿಗಿಂತ ಮೊದಲು ಯಾರೋ ತೋಡಿ, ಬದುಕಿ, ಮುಚ್ಚಿ ಹೋದಲ್ಲೇ ಅವನು ತೋಡಿದ್ದು. ನೆಲವೆಂದರೆ ಹಾರೆಗೆ ಬಿಟ್ಟುಕೊಡುವಂಥದು ಎಂದೇ ತಿಳಿದಿದ್ದ. ಬಂಡೆ ಗೋಡೆಯ ಕೆಳಗೆ ಇರುತ್ತದೆ, ನಡುವೆ ಮಣ್ಣು ಇರುತ್ತದೆ ಎಂದುಕೊಂಡಿದ್ದನಂತೆ. ಬಂಡೆ ನಮ್ಮ ಮನೆಯ ನಕ್ಷೆ ನೋಡಿ ಮಲಗಿತ್ತೇನು?

ಗೋಡೆ ಎದ್ದವು, ಮಾಳಿಗೆ ಹಾಕಿದ್ದಾಯಿತು. ಒಳ್ಳೆಯ ದಿನ ನೋಡಿ ಅಣ್ಣ ಕುಣಿ ತೋಡಲು ನಿಂತ. ಚಾಳಿಯಂತೆ ಮೊದಲು ಹಿಮ್ಮಡಿಯಿಂದ ನೆಲ ಬಡಿದ. ಎಲ್ಲ ಕಡೆಯೂ ಒಂದೇ ಸದ್ದು. "ಹೊಸಾ ನೆಲ, ಇನ್ನಾ ಯಾರೂ ಮುಟ್ಟಿಲ್ಲ," ಎಂದು ನಕ್ಕ. ನಾಲ್ಕೈದು ಏಟು ಮಣ್ಣಿಗೆ ಬಿದ್ದವು. ಐದನೆಯದೋ ಆರನೆಯದೋ ಖಣ್ ಎಂದಿತು.

ಒಳಗಿನಿಂದ ಅತ್ತಿಗೆ ಕೂಗಿದಳು: "ಏನ್ರಿ ಅದು? ಕೊಡ ಬಿತ್ತೇನು?"

ಅಣ್ಣ ಎರಡು ಹೆಜ್ಜೆ ಸರಿದು ಮತ್ತೆ ಅಗೆದ. ಖಣ್. ಮೂಲೆಗೆ ಹೋದ. ಖಣ್. ಅಡಿಗೆಮನೆಗೆ, ಪಡಸಾಲೆಗೆ, ಬಚ್ಚಲ ಪಕ್ಕಕ್ಕೆ. ಮನೆಯ ತುಂಬ ಗೇಣುಗೇಣಿನ ಗಾಯಗಳಾದವು. ಆಮೇಲೆ ಅಣ್ಣ ಹಾರೆಯನ್ನು ಎಸೆದ. ಇಲ್ಲ, ಎಸೆಯಲಿಲ್ಲ. ಅದು ಕೇಳಿ ತಂದದ್ದು, ಮೆಲ್ಲಗೆ ಗೋಡೆಗೆ ಆನಿಸಿಟ್ಟ.

ಎಲ್ಲ ಉಪಾಯವನ್ನೂ ನೋಡಿದೆವು. ಕಲ್ಲೊಡೆಯುವವರು ಬಂದು, ಬೆಂಕಿ ಹಾಕಿ ಬಂಡೆ ಸೀಳಬಹುದು, ಆದರೆ ಹಸಿ ಗೋಡೆ ನಿಲ್ಲುವುದಿಲ್ಲ ಎಂದರು. ಮಣ್ಣು ತುಂಬಿ ನೆಲವನ್ನೇ ಎತ್ತರಿಸೋಣ ಎಂದರೆ ತಲೆ ತೊಲೆಗೆ ಬಡಿಯುತ್ತಿತ್ತು. ನೆಲದ ಮೇಲೆ ನಿಲ್ಲುವ ಮಗ್ಗ ಗದ್ವಾಲಿನಲ್ಲಿ ಬಂದಿದೆಯೆಂದು ಯಾರೋ ಹೇಳಿದರು. ಅಣ್ಣ ಎರಡು ದಿನ ಹೋಗಿ ಬಂದ.

"ಅಲ್ಲೇನು ನೋಡಿದಿ?" ಎಂದೆ.

"ಏನು ನೋಡ್ಲಿ? ಅವರೂ ನನ್ಹಂಗ ಅರ್ಧ ಮಣ್ಣಾಗ ಹುಗಿಸ್ಕೊಂಡು ಕುಂತಾರ."

ಕೊನೆಗೆ ಹೊಸ ಮನೆಯನ್ನು ಕಚೇರಿಯ ಒಬ್ಬ ಕಾರಕೂನನಿಗೆ ಬಾಡಿಗೆಗೆ ಕೊಟ್ಟು ಅಣ್ಣ ಅತ್ತಿಗೆ ಓಣಿಗೆ ಮರಳಿದರು. ಓಣಿಯಲ್ಲಿ ಉಳಿದಿದ್ದ ನಾಲ್ಕು ಮನೆಗಳಲ್ಲಿ ಒಂದರ ಮಾಲಕ ಅಣ್ಣನನ್ನು ನೋಡಿ ಎದ್ದು ನಿಂತು ಕೈ ಮುಗಿದನಂತೆ. "ಬರ್ರಿ ಬರ್ರಿ, ನೀವೂ ಈಗ ಮಾಲಕರು. ಮಾಲಕರ ಕಷ್ಟ ಮಾಲಕರಿಗೆ ತಿಳಿಯಂಗಿಲ್ಲೇನು? ಕಿರಾಯಿ ಜರಾ ಜಾಸ್ತಿ ಆಗತೈತಿ." ಬಾಡಿಗೆ ಕೇಳಲು ಅಣ್ಣ ತನ್ನ ಮನೆಗೆ ಹೋದರೆ ಹೊಸ್ತಿಲ ಆಚೆಯೇ ನಿಲ್ಲುತ್ತಿದ್ದ. ಕಾರಕೂನನ ಹೆಂಡತಿ ನೀರು ಕೊಟ್ಟು, "ಇಂಥಾ ಗಟ್ಟಿ ಮನಿ ಬಿಟ್ಟು ಹೆಂಗ ಹೋದ್ರಿ, ಅಣ್ಣಾರ?" ಎಂದು ಕೇಳುತ್ತಿದ್ದಳು. ಓಣಿಯ ಬಾಡಿಗೆ ಏರುತ್ತಲೇ ಹೋಯಿತು. ಇವನು ಕಾರಕೂನನ ಮೇಲೆ ಏರಿಸಲಾರ. ಎರಡು ಮಳೆಗಾಲ ಎಳೆದಾಡಿದ. ಆಮೇಲೆ ಓಣಿಯ ಆ ಮನೆಯೂ ಗೋದಾಮಾಯಿತು.

ಅಣ್ಣ ಕಡೆಯ ಕುಣಿ ಮುಚ್ಚಿ, ಮಗ್ಗದ ಮರ ಮಾರಿ, ಸ್ವಂತ ಮನೆಗೆ ಹೋದ. ಒಂದು ಸೀರೆ ಅಂಗಡಿಯಲ್ಲಿ, ಬೇರೆಯವರು ನೇಯ್ದ ಚೌಕಳಿ ಸೀರೆಗಳನ್ನು ಗಿರಾಕಿಗಳ ಮುಂದೆ ಬಿಚ್ಚಿ ತೋರಿಸಿ, ಅವರು ಬೇಡವೆಂದ ಮೇಲೆ ಮಡಿಚಿಡುವ ಕೆಲಸ. ಸಂಜೆ ತನ್ನ ಮನೆಯ ಕಟ್ಟೆಯ ಅಂಚಿಗೆ ಕೂತು ಕಾಲು ಇಳಿಬಿಡುತ್ತಿದ್ದ. ನಾನು ರಜೆಗೆ ಹೋದಾಗ ನೋಡಿದ್ದೇನೆ: ಎಡಗಾಲು ಇಳಿಯುತ್ತಿತ್ತು, ಬಲಗಾಲು ಏರುತ್ತಿತ್ತು, ಆಮೇಲೆ ಬಲಗಾಲು, ಎಡಗಾಲು. ಕೆಳಗೆ ಗಾಳಿ ಬಿಟ್ಟರೆ ಏನೂ ಇಲ್ಲ.

"ಕಾಲು ಮ್ಯಾಲೆ ತಗೋರಿ, ಮಂದಿ ನೋಡ್ತಾರ," ಎನ್ನುತ್ತಿದ್ದಳು ಅತ್ತಿಗೆ.

ಇದನ್ನು ನಿಜವಾಗಿ ನೋಡಿದೆನೇ? ಅತ್ತಿಗೆಯ ಮಾತು ನಿಜ, ಅದು ನನ್ನ ಕಿವಿಯಲ್ಲಿದೆ. ಕಾಲಿನ ಲಯವನ್ನು ನಾನೇ ಸೇರಿಸಿರಬಹುದು. ಬರೆಯುವವನ ಕೈ ಸುಮ್ಮನಿರುವುದಿಲ್ಲ. ನಿಲ್ಲುವ ಮಗ್ಗಗಳು ನಮ್ಮ ಕಡೆಗೂ ಬಂದವು, ಬಹಳ ತಡವಾಗಿ. ಅಷ್ಟರಲ್ಲಿ ಅಣ್ಣನಿಗೆ ಎಳೆ ಕಾಣುವ ಕಣ್ಣು ಹೋಗಿತ್ತು.

ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಒಮ್ಮೆ ಮಾತ್ರ, ಕಟ್ಟೆಯ ಮೇಲೆಯೇ, ಬೇರೇನೋ ಮಾತಿನ ನಡುವೆ ಕೇಳಿದ: "ತಮ್ಮಾ, ಆ ಕಾಗದದಾಗ ಬಂಡಿ ಸುದ್ದಿ ಏನರ ಬರ್ದಿತ್ತೇನು?"

"ಇಲ್ಲಣ್ಣಾ."

"ಹಂಗಾರ ನಿಂದೇನು ತಪ್ಪು, ಬಿಡು."

ಬರೆದಿತ್ತು. ನೆಲದ ಬಗೆ ಯಾವುದೆಂದು ಹೇಳುವ ಜಾಗದಲ್ಲಿ 'ಪಥರೀಲಿ' ಎಂದಿತ್ತು, ಕಲ್ಲುನೆಲ. ಓದಿದೆ, ದಾಟಿದೆ. ಕಲ್ಲುನೆಲವೆಂದರೆ ಬೆಳೆ ಬಾರದ ನೆಲ, ನಮಗೆ ಬೆಳೆ ಯಾಕೆ ಎಂದುಕೊಂಡೆ. ಹೀಗೆ ಅಂದುಕೊಂಡೆನೋ, ಅಥವಾ ಅಷ್ಟು ಗಂಭೀರವಾಗಿ ಓದುತ್ತಿರುವಾಗ ನಡುವೆ ನಿಲ್ಲಿಸಿ ಒಂದು ಪದವನ್ನು ಬಿಡಿಸಿ ಹೇಳಲು ಬೇಸರವಾಯಿತೋ. ಅಣ್ಣನ ಮೇಲೆ ಇರುವ ಪ್ರೀತಿಗೆ ಮೊದಲನೆಯದನ್ನು ನಂಬಬೇಕೆನಿಸುತ್ತದೆ. ನನ್ನನ್ನು ನಾನು ಬಲ್ಲಷ್ಟರ ಮಟ್ಟಿಗೆ ಎರಡನೆಯದು. ಆ ಕಾಗದ ಈಗಲೂ ಅಣ್ಣನ ಮಗನ ಪೆಟ್ಟಿಗೆಯಲ್ಲಿದೆ. ಆ ಪದ ಅಲ್ಲಿ ಇದೆಯೋ, ನನ್ನ ನೆನಪು ತಾನಾಗಿ ಬರೆದುಕೊಂಡಿತೋ, ನೋಡಿದರೆ ತೀರಿತು. ನಾರಾಯಣಪೇಟೆಗೆ ಎಷ್ಟೋ ಸಲ ಹೋಗಿದ್ದೇನೆ, ಪೆಟ್ಟಿಗೆ ತೆಗೆಯೆಂದು ಹೇಳಿಲ್ಲ.

ಆ ಬಂಡೆ ಸಿಕ್ಕ ದಿನದಿಂದ ಯಾವ ನೆಲವನ್ನು ನೋಡಿದರೂ 'ಚೊಲೋ ಐತಿ, ತಗೋ' ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ನಾವು ಹೈದರಾಬಾದಿಗೆ ಬಂದ ಹೊಸದರಲ್ಲಿ ಹೆಂಡತಿ ಊರಾಚೆ ಜಾಗ ಹುಡುಕಿ ಹುಡುಕಿ ತೋರಿಸುತ್ತಿದ್ದಳು. ಅವಳು ಮಕ್ತಲಿನವಳು, ಮೊಂಡು ಹಿಡಿದರೆ ಬಿಡುವವಳಲ್ಲ. ನೋಡೋಣ ಎನ್ನುತ್ತಿದ್ದೆ. ರೊಕ್ಕ ಕೂಡಲಿ ಎನ್ನುತ್ತಿದ್ದೆ. ನಾವು ಕೂಡಿಸುವುದಕ್ಕಿಂತ ಬೇಗ ಬೆಲೆ ಓಡುತ್ತಿತ್ತು, ಪ್ರತಿ ವರ್ಷ ನನ್ನ ಸುಳ್ಳು ಇನ್ನಷ್ಟು ನಿಜವಾಗುತ್ತಿತ್ತು. ಮೇಷ್ಟರ ಸಂಬಳಕ್ಕೆ ಈ ಊರಲ್ಲಿ ಮನೆ ಆಗುವುದಿಲ್ಲ ಎಂಬುದು ಈಗ ಯಾರೂ ಪ್ರಶ್ನಿಸದ ಸತ್ಯ. ಅದರ ಮರೆಯಲ್ಲಿ ನಾನು ಬೆಚ್ಚಗೆ ಇದ್ದೆ.

ಮೊನ್ನೆ, ಕ್ಯಾಲೆಂಡರು ಇನ್ನೂ ಅವಳ ಕೈಯಲ್ಲಿದ್ದಾಗ, ಇದನ್ನೆಲ್ಲ ಹೇಳಿಬಿಟ್ಟೆ. ಇಷ್ಟು ವರ್ಷಕ್ಕೆ ಮೊದಲ ಸಲ. ಅವಳು ನೆಲದ ಮೇಲೆ ಕೂತು ಕೇಳಿದಳು.

"ಅಂದ್ರ ಇಷ್ಟು ದಿನ ರೊಕ್ಕಿಲ್ಲಂತ ಹೇಳಿದ್ದು?"

"ರೊಕ್ಕಾನೂ ಇರಲಿಲ್ಲ."

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. "ಆಗ ಹೇಳಿದ್ರ," ಎಂದಳು, "ನಾನ ಹಾರಿ ತಗೊಂಡು ಹೋಗಿ ಅಗದು ನೋಡ್ತಿದ್ನಲ್ರಿ."

ಅಷ್ಟೇ. ಎದ್ದು ಒಲೆಯ ಕಡೆಗೆ ಹೋದಳು. ಅವಳು ಆಗ ತೋರಿಸಿದ ಜಾಗಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಜಾಲಿಗಿಡದ ಬಯಲುಗಳು, ಈಗ ಅಲ್ಲೆಲ್ಲ ಮಹಡಿಯ ಮೇಲೆ ಮಹಡಿ. ಒಂದು ಹಾರೆ ಊರಿ ನೋಡುವಷ್ಟು ನೆಲವೂ ಇನ್ನು ನಮ್ಮ ಕೈಗೆ ಸಿಗುವುದಿಲ್ಲ. ಹಿಂದೆಲ್ಲ ಈ ಮಾತು ಹೊಳೆದಾಗ ಒಳಗೊಳಗೇ ಒಂದು ಸಮಾಧಾನ ಆಗುತ್ತಿತ್ತು.