ಪಕ್ಕಕ್ಕೆ ಸರಿದ ಒತ್ತು

ಈ ತಗಡಿಗೆ ನಾನು ಕೊಟ್ಟಿದ್ದು ನಾನೂರು ರೂಪಾಯಿ. ತೂಕಕ್ಕೆ ಹಾಕಿದರೆ ಐವತ್ತೂ ಬಾಳದ ಮಾಲು. ಚಳ್ಳಕೆರೆಯ ಗುಜರಿ ಅಂಗಡಿಯವನು ಮೊದಲು ಎಂಬತ್ತು ಅಂದಿದ್ದ, ನಾನು ಅರವತ್ತಕ್ಕೆ ಇಳಿಸುವ ಅಂದಾಜಿನಲ್ಲಿದ್ದೆ. ಅಷ್ಟರಲ್ಲಿ ತಗಡನ್ನು ತಿರುಗಿಸಿ ಹಿಂಬದಿಗೆ ಮೂಗು ಒಡ್ಡಿಬಿಟ್ಟೆ. ಬಿಸಿಲಿಗೆ ಕಾದ ತಗಡಿನಿಂದ ಹಳೇ ಕಡ್ಲೆಕಾಯಿ ಎಣ್ಣೆಯ ಕಮಟು ವಾಸನೆ ಎದ್ದು ಬಂತು... ಕೊಳ್ಳುವವನು ಮಾಲನ್ನು ಹಾಗೆ ಮೂಸಬಾರದು. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. "ನಾನೂರಕ್ಕೆ ಒಂದ್ ಪೈಸಾ ಕಮ್ಮಿ ಇಲ್ಲ ಭಾಯ್" ಅಂದ. ಇಷ್ಟು ವರ್ಷ ಚೌಕಾಶಿಯನ್ನೇ ನೆಚ್ಚಿ ಬದುಕಿದವನು, ಎದುರು ಮಾತಾಡದೆ ಕೊಟ್ಟು ಬಂದೆ.

ಅದು ಹದಿನೈದು ಕೇಜಿ ಎಣ್ಣೆ ಟಿನ್ನನ್ನು ಸೀಳಿ, ತಟ್ಟಿ, ಅಗಲ ಮಾಡಿದ ಬೋರ್ಡು. ನೀಲಿ ಮೇಲೆ ಹಳದಿ ಬಣ್ಣದಲ್ಲಿ 'ಶುದ್ಧ ಕಡ್ಲೆಕಾಯಿ ಎಣ್ಣೆ, ಚಳ್ಳಕೆರೆ' ಎಂದು ಬರೆದಿದೆ. ಅಕ್ಷರಗಳು ಒಂದರ ಕೈ ಒಂದು ಹಿಡಿದು ಓಡುತ್ತವೆ. ಮೂಲೆಯಲ್ಲಿ ಬರೆದವರ ಹೆಸರಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ. ಅದು ಬೋರ್ಡ್ ಮಾಮನ ಕೈ.

ಬೋರ್ಡ್ ಮಾಮ ಮೊಳಕಾಲ್ಮೂರಿನವರು. ನನಗೆ ನೆಂಟರಲ್ಲ, ಊರಿಗೆಲ್ಲ ಮಾಮ. ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಬಂದು ಎಣ್ಣೆ ಮಿಲ್ಲಿನ ಗೇಟು, ಮಂಡಿ ಗೋಡೆ, ಆಟೋ ಬೆನ್ನು, ಯಾರು ಕರೆದರೆ ಅಲ್ಲಿ ಬರೆದು ಸಂಜೆ ಬಸ್ಸಿಗೆ ವಾಪಸ್ಸಾಗುತ್ತಿದ್ದರು. ಕುಂಚವನ್ನು ಡಬ್ಬಿಯ ಅಂಚಿಗೆ ಮೂರು ಸಲ ತಟ್ಟಿ ಶುರು ಮಾಡಿದರೆ ಒಂದು ಪದ ಮುಗಿಯುವತನಕ ಎತ್ತುತ್ತಿರಲಿಲ್ಲ. ಒತ್ತುಗಳನ್ನು ಕೊನೆಗೆ, ಹಣೆಗೆ ಬೊಟ್ಟಿಡುವ ಹಾಗೆ, ಒಂದೊಂದೇ ಇಡುತ್ತಿದ್ದರು. ನಾವೆಲ್ಲ ಅದನ್ನು 'ಓಡೋ ಅಕ್ಷರ' ಅಂತಿದ್ದೆವು.

ಅವರ ಪರಿಚಯವಾಗಿದ್ದೂ ಚೌಕಾಶಿಯಲ್ಲೇ. ಬಸ್ ಸ್ಟ್ಯಾಂಡ್ ಹತ್ತಿರ ನಾನು ಟೈಪಿಂಗು, ಜೆರಾಕ್ಸಿನ ಅಂಗಡಿ ಇಟ್ಟ ಹೊಸತು. ಬೋರ್ಡು ಬೇಕಿತ್ತು. ಅಕ್ಷರಕ್ಕೆ ಇಷ್ಟು ಅಂತ ಅವರ ದರ. ನೋಡಿದರೆ ಒತ್ತನ್ನೂ ಒಂದು ಅಕ್ಷರ ಅಂತ ಹಿಡಿದಿದ್ದರು.

"ಮಾಮ, ಒತ್ತು ಅಂದ್ರೆ ಅಕ್ಷರದ ಬಾಲ. ಬಾಲಕ್ಕೂ ದುಡ್ಡಾ?" ಅಂದೆ.

ಅವರು ಕುಂಚ ಕೆಳಗಿಟ್ಟು ನಕ್ಕರು. "ಅಬ್ಬಬ್ಬಾ ಸಾವ್ಕಾರ! ಕುರಿ ತಗಳ್ಳೋವಾಗ ಬಾಲ ಕೊಯ್ದು ತೂಗು ಅಂತೀಯಾ? ಹೋಗ್ಲಿ ಬಿಡು, ಒತ್ತು ನನ್ನ ಕಡೆಯಿಂದ ಪುಕ್ಸಟ್ಟೆ."

ಅವತ್ತಿನಿಂದ ಅವರ ಬಾಯಲ್ಲಿ ನಾನು ಸಾವ್ಕಾರನೇ ಆದೆ. ಒತ್ತಿಗೆ ದುಡ್ಡು ಕೊಡಬೇಡಿ ಅಂತ ಅಕ್ಕಪಕ್ಕದ ಅಂಗಡಿಯವರಿಗೂ ಹೇಳಿಕೊಟ್ಟೆ. ಅದನ್ನು ಬುದ್ಧಿವಂತಿಕೆ ಅಂದುಕೊಂಡಿದ್ದೆ.

ಆಮೇಲೆ ಫ್ಲೆಕ್ಸ್ ಬಂತು. ಊರಿಗೆ ಮೊದಮೊದಲು ಮಿಷನ್ ತಂದವರಲ್ಲಿ ನಾನೂ ಒಬ್ಬ. ಮಾಮ ಬರೆದ ನನ್ನ ಬೋರ್ಡನ್ನು ನಾನೇ ಇಳಿಸಿ ಗುಜರಿಗೆ ಹಾಕಿದೆ. ಮಾಮ ಬರುವುದು ಕಮ್ಮಿಯಾಯಿತು. ಬಂದಾಗ ಮಿಷನ್ ಮುಂದೆ ಕೈಕಟ್ಟಿ ನಿಂತು ಅದು ಬಣ್ಣ ಉಗುಳುವುದನ್ನೇ ನೋಡುತ್ತಿದ್ದರು. ಬೇಜಾರು ತೋರಿಸಲಿಲ್ಲ. ತಡೆಯಲಾಗದಿದ್ದುದು ನನಗೆ. ಒಂದು ದಿನ ಅಂದುಬಿಟ್ಟೆ, "ಮಾಮ, ನಿಮ್ಮ ಅಕ್ಷರಾನ ಕಂಪ್ಯೂಟರಿಗೆ ಹಾಕಿ ಫಾಂಟ್ ಮಾಡ್ತೀನಿ. ನಿಮ್ಮ ಕೈ ಹಂಗೇ ಉಳೀತೈತೆ."

"ನಾನಿಲ್ದಾಗ್ಲೂ ಬರೀತೈತಾ?"

"ಬರೀತೈತೆ ಮಾಮ."

ನನ್ನ ಅಂಗಡಿಯಲ್ಲಿ ಎರಡು ದಿನ ಕೂತು, ದಪ್ಪ ಡ್ರಾಯಿಂಗ್ ಶೀಟುಗಳ ಮೇಲೆ ಅಷ್ಟೂ ಅಕ್ಷರ, ಕಾಗುಣಿತ, ಒತ್ತು ಬರೆದುಕೊಟ್ಟರು. ಸ್ಕ್ಯಾನ್ ಮಾಡಿ, ಗೆರೆ ಹಿಡಿದು ಕಂಪ್ಯೂಟರಿನಲ್ಲಿ ತಿದ್ದಿಕೊಂಡೆ. ಕೆಲಸ ಆಯಿತಲ್ಲ, ಇಷ್ಟು ಗಟ್ಟಿ ಹಾಳೆ ವೇಸ್ಟ್ ಯಾಕೆ ಅಂತ ಫ್ಲೆಕ್ಸ್ ಸುರುಳಿಗಳಿಗೆ ಸುತ್ತಿ ಗಿರಾಕಿಗಳಿಗೆ ಕಳಿಸಿದೆ. ಜಾಗ ತಿನ್ನುತ್ತವೆ ಅಂತ ಸ್ಕ್ಯಾನ್ ಫೈಲುಗಳನ್ನೂ ಅಳಿಸಿದೆ.

ಆರು ತಿಂಗಳಾಗಿರಲಿಲ್ಲ, ಮಾಮನಿಗೆ ಲಕ್ವ ಹೊಡೆಯಿತು. ಬಲಗೈ, ಮಾತು ಎರಡೂ ಹೋದವು. ಮಾತು ಅಷ್ಟಿಷ್ಟು ತಿರುಗಿ ಬಂತು, ಕೈ ಬರಲಿಲ್ಲ. ಅಲ್ಲಿಯವರೆಗೆ ಫಾಂಟು ನನಗೊಂದು ಹವ್ಯಾಸವಾಗಿತ್ತು. ಇನ್ನು ಆ ಕೈ ಇರುವುದೇ ಅದರೊಳಗೆ ಅನ್ನುವ ಭಾರ ಹೆಗಲಿಗೆ ಬಂತು.

ನಾನೇನು ಓದಿ ಫಾಂಟ್ ಕಲಿತವನಲ್ಲ, ವಿಡಿಯೋ ನೋಡಿ ಕಲಿತವನು. ಅದಕ್ಕೇ ಫಾಂಟ್ ಮಾಡುವವರ ಒಂದು ಆನ್‌ಲೈನ್ ಗುಂಪಿಗೆ ಮಾದರಿ ಹಾಕಿ 'ತಪ್ಪು ತೋರಿಸಿ' ಅಂತ ಕೇಳಿದೆ. ಒಳ್ಳೆಯ ಜನ. 'ಕ'ದ ಬಾಲ ಮುಂದಿನ 'ಡ'ಕ್ಕೆ ತಾಗುತ್ತಿಲ್ಲ ಎಂದು ಒಬ್ಬರು ಕೆಂಪು ಗುರುತು ಹಾಕಿ ಕಳಿಸಿದರು. ಸರಿ ಮಾಡಿದೆ. ಸಣ್ಣದಾಗಿ ಅಚ್ಚಾದರೆ 'ಶ'ದ ಹೊಟ್ಟೆ ಮುಚ್ಚಿಹೋಗುತ್ತದೆ ಎಂದು ಕುದಾಪುರದ ಕಡೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಬರೆದಳು. ಬಿಡಿಸಿದೆ. ಎಲ್ಲ ಒಪ್ಪುವ ಮಾತೇ. ಆಮೇಲೆ ಎಲ್ಲರೂ ಒಂದೇ ಜಾಗಕ್ಕೆ ಬೆರಳಿಟ್ಟರು... ಒತ್ತು. ಮಾಮನ ಒತ್ತು ಅಕ್ಷರದ ಕೆಳಗೆ ಕೂರುವುದಿಲ್ಲ. ಬಲಕ್ಕೆ ಸರಿದು, ಅರ್ಧ ಮೇಲಕ್ಕೆದ್ದು, ಮುಂದಿನ ಅಕ್ಷರದ ಮಗ್ಗುಲಿಗೆ ಹೋಗಿ ನಿಲ್ಲುತ್ತದೆ. 'ಒತ್ತುಗಳು ಸಾಲು ತಪ್ಪಿವೆ, ಸರಿಪಡಿಸಿ' ಎಂದು ಗುಂಪಿನಲ್ಲಿ ಮೇಲಿಂದ ಮೇಲೆ ಬರೆದರು.

ಊರವರೂ ನೋಡಲಿ ಅಂತ, ಮದುವೆ ಕಾರ್ಡು ಮಾಡಿಸಲು ಬಂದ ಮೊಳಕಾಲ್ಮೂರಿನ ಸೀರೆ ವ್ಯಾಪಾರಿಗೆ ಮಾದರಿ ತೋರಿಸಿದೆ. ಆಯಪ್ಪ ಕನ್ನಡಕ ಏರಿಸಿಕೊಂಡು, "ಬಾಗುಂದಿ, ಚೆನ್ನಾಗೈತೆ ಕಣಯ್ಯಾ. ಆದ್ರೆ ಈ ಒತ್ತು ಯಾಕೆ ಪಕ್ಕದ್ಮನೆ ಕಟ್ಟೆ ಮೇಲೆ ಕೂತೈತೆ? ಮನೇಲಿ ಜಗಳಾನಾ?" ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆ ಮಧ್ಯಾಹ್ನವೇ ಅಷ್ಟೂ ಒತ್ತುಗಳನ್ನು ಎಳೆದು ಕೆಳಗೆ ಕೂರಿಸಿದೆ. ವಯಸ್ಸಾದವರ ಕೈತಪ್ಪು ತಿದ್ದಿದೆ ಅನ್ನುವ ಸಮಾಧಾನ ಬೇರೆ. ಹಳೇ ಫೈಲಿನ ಮೇಲೆಯೇ ಸೇವ್ ಮಾಡಿದೆ. ಗುಂಪಿನಲ್ಲಿ ಭೇಷ್ ಅಂದರು. ಯಾರು ಬೇಕಾದರೂ ಬಳಸಲಿ ಅಂತ ಫಾಂಟನ್ನು ಪುಕ್ಕಟೆ ಹಂಚಿದೆ.

ಎಲ್ಲರಿಗೂ ತೋರಿಸಿ ಆದ ಮೇಲೆ ಮಾಮನ ಹತ್ತಿರ ಹೋದೆ. ಅವರ ಹೆಂಡತಿ, ನಾನು ಅತ್ತೆ ಅಂತ ಕರೆಯುತ್ತಿದ್ದೆ, ಬೆನ್ನಿಗೆ ದಿಂಬು ಕೊಟ್ಟು ಅವರನ್ನು ಕೂರಿಸಿದರು. ದೊಡ್ಡ ಹಾಳೆಯಲ್ಲಿ 'ಚಳ್ಳಕೆರೆ' ಎಂದು ಅಚ್ಚು ಹಾಕಿಕೊಂಡು ಹೋಗಿದ್ದೆ. ಬಹಳ ಹೊತ್ತು ನೋಡಿದರು.

"ಚಂದೈತೆ" ಅಂದರು, ನಾಲಗೆ ಎಳೆಯುತ್ತ. "ಯಾರ್ದು?"

"ನಿಮ್ದೇ ಮಾಮ!"

ಅವರು ಎಡಗೈ ಬೆರಳನ್ನು 'ಳ್ಳ'ದ ಒತ್ತಿನ ಮೇಲಿಟ್ಟು ಬಲಕ್ಕೆ ತಳ್ಳಿದರು. ಮತ್ತೆ ತಳ್ಳಿದರು. ಮತ್ತೆ... ಕೂತ ನೊಣ ಸರಿಸುವ ಹಾಗೆ. ಏನೋ ಕಸ ಅಂಟಿದೆ ಅಂದುಕೊಂಡು ನಾನು ಅಂಗಿ ತೋಳಿನಿಂದ ಹಾಳೆ ಒರೆಸಿದೆ. "ಪ್ರಿಂಟು ಮಾಮ, ಅಳಿಸಲ್ಲ" ಅಂದೆ. ಅವರು ಬೆರಳು ತೆಗೆದು ಮಡಿಲಲ್ಲಿಟ್ಟುಕೊಂಡರು. ಅತ್ತೆ ಟೀ ತಂದರು. ಕುಡಿದು ಬಂದೆ.

ಎರಡು ತಿಂಗಳಿಗೆ ಹೋಗಿಬಿಟ್ಟರು. ಶ್ರದ್ಧಾಂಜಲಿಯ ಫ್ಲೆಕ್ಸ್ ನನ್ನ ಮಿಷನ್ನಿನಲ್ಲೇ, ಅದೇ ಫಾಂಟಿನಲ್ಲೇ ಬಂತು. ಒತ್ತುಗಳೆಲ್ಲ ಪೊಲೀಸು ಪೆರೇಡಿನ ಹಾಗೆ ಸಾಲಾಗಿ ನಿಂತಿದ್ದವು. ಅತ್ತೆ ಅದರ ಮುಂದೆ ನಿಂತು ಫೋಟೋ ನೋಡಿದರು. ಅಕ್ಷರದ ಕಡೆ ಕಣ್ಣು ಹಾಯಿಸಲಿಲ್ಲ.

ಇದೆಲ್ಲ ಆದ ಮೇಲೆ ಈ ತಗಡು ತಂದು ಧೂಳು ಒರೆಸಿ ಕಿಟಕಿಗೆ ಒರಗಿಸಿದಾಗ, ಅಡ್ಡ ಬಿಸಿಲಿನಲ್ಲಿ ಕಂಡಿತು. ಎಣ್ಣೆ ಟಿನ್ನು ಗಟ್ಟಿಯಿರಲಿ ಅಂತ ಅದರ ಮೈಮೇಲೆ ಅಡ್ಡಡ್ಡ ಉಬ್ಬು ಗೆರೆ ಎಬ್ಬಿಸಿರುತ್ತಾರೆ. ಎಷ್ಟು ತಟ್ಟಿದರೂ ಅದು ಪೂರ್ತಿ ಹೋಗುವುದಿಲ್ಲ. ಸರಿಯಾಗಿ ಒತ್ತು ಕೂರಬೇಕಾದ ಜಾಗದಲ್ಲೇ ಆ ಗೆರೆ ಹಾದಿದೆ. ಅದರ ಮೇಲೆ ಕುಂಚ ಎಳೆದರೆ ಜಿಗಿಯುತ್ತದೆ, ಬಣ್ಣ ಒಡೆಯುತ್ತದೆ. ಗೆರೆಗಿಂತ ಮೇಲೆ ಜಾಗ ಉಳಿಯುವುದು ಅಕ್ಷರದ ಬಲಕ್ಕೆ ಮಾತ್ರ. ಮಾಮ ಒತ್ತನ್ನು ಅಲ್ಲಿಗೆ ಎತ್ತಿ ಕೂರಿಸಿದ್ದರು. ಎಣ್ಣೆ ಟಿನ್ನಿನ ಮೇಲೆ ಬರೆದು ಬರೆದು ಕೈಗೆ ಕೂತ ಅಭ್ಯಾಸ ಗೋಡೆಗೂ, ಕಾಗದಕ್ಕೂ ಹಾಗೇ ಬಂದಿತ್ತು. ಈ ಊರಿನ ಟಿನ್ನು ಕಲಿಸಿದ ಅಕ್ಷರವನ್ನು ಈ ಊರಿನವನೇ ಕೂತು ತಿದ್ದಿದ್ದೆ.

ಈಗ ಆ ಫಾಂಟು ಎಲ್ಲೆಲ್ಲೂ ಇದೆ. ಕೊಂಡ್ಲಹಳ್ಳಿ ಕಡೆ ಹೋದರೆ ಗೊಬ್ಬರದ ಅಂಗಡಿಯ ಮೇಲೆ, ಮುಂದೆ ಹೋಗುವ ಖಾಸಗಿ ಬಸ್ಸಿನ ಬೆನ್ನ ಮೇಲೆ, ಗೃಹಪ್ರವೇಶದ ಕಾರ್ಡಿನಲ್ಲಿ... ಮಾಮ ಇಲ್ಲದಾಗಲೂ ಬರೆಯುತ್ತಿದೆ. ನಾನು ಟೈಪ್ ಮಾಡಿದಾಗ ಒತ್ತು ಬಂದು ಕೆಳಗೆ ಕೂರುತ್ತದೆ. ಕೂತ ಕೂಡಲೇ ಪರದೆಯ ಮೇಲೆ ಒಂದು ಬೆರಳು ಅದನ್ನು ಬಲಕ್ಕೆ ತಳ್ಳಿದ ಹಾಗಾಗುತ್ತದೆ. ಮಿಷನ್ ನಿಂತ ಮರುಕ್ಷಣ ಡಬ್ಬಿಯ ಅಂಚಿಗೆ ಕುಂಚ ತಟ್ಟಿದ ಸದ್ದು, ಮೂರು ಸಲ. ಮೊದಮೊದಲು ತಿರುಗಿ ನೋಡುತ್ತಿದ್ದೆ. ಈಗ ನೋಡುವುದಿಲ್ಲ.

ಗೋಡೆಗಳ ಮೇಲಿನ ಬರಹವೆಲ್ಲ ಹೊಸ ಬಣ್ಣದಡಿ ಹೋಗಿದೆ. ಗುಂಪಿಗೆ ಹಾಕಿದ್ದ ಹಳೇ ಮಾದರಿಯೂ ಈಗ ಅಲ್ಲಿಲ್ಲ. ನನಗೆ ಸಿಕ್ಕಿರುವುದು ಈ ತಗಡಿನ ನಾಲ್ಕೇ ಒತ್ತು. ಉಳಿದವನ್ನು ಅಂದಾಜಿನ ಮೇಲೆ ಸರಿಸಬಹುದು. ಸರಿಸಿದರೆ ಅದು ನನ್ನ ಕೈಯಾಗುತ್ತದೆ, ಮಾಮನದಲ್ಲ...

ನಿಮ್ಮೂರಿನಲ್ಲಿ ಕೈಯಿಂದ ಬೋರ್ಡ್ ಬರೆಯುವವರು ಇನ್ನೂ ಇದ್ದರೆ ನನ್ನ ಮಾತು ಕೇಳಿ. ಅವರು ಬರೆದ ಹಾಳೆ ಯಾವುದಕ್ಕೂ ಸುತ್ತಬೇಡಿ. ಕಂಪ್ಯೂಟರಿನಲ್ಲಿ ತಿದ್ದಿದಾಗಲೆಲ್ಲ ಫೈಲಿಗೆ ಹೊಸ ಹೆಸರು ಕೊಡಿ, ಹಳೆಯದು ಹಾಗೇ ಇರಲಿ. ಹಳೇ ಬೋರ್ಡಿನ ಫೋಟೋ ತೆಗೆಯುವುದಾದರೆ ಬೆಳಗಿನ ಅಡ್ಡ ಬಿಸಿಲಿನಲ್ಲಿ ತೆಗೆಯಿರಿ, ತಗಡಿನ ಮೈಯೂ ಕಾಣಬೇಕು. ಊರವರನ್ನೆಲ್ಲ ಕೇಳಿ, ಬೇಡ ಅನ್ನಲ್ಲ. ಆದರೆ ಬರೆದವರನ್ನು ಮೊದಲು ಕೇಳಿ, ಅದೂ 'ಸರಿಯಾಗಿದೆಯಾ' ಅಂತ ಕೇಳಬೇಡಿ, 'ಇದು ಇಲ್ಲಿಗೆ ಯಾಕೆ ಬಂತು' ಅಂತ ಕೇಳಿ. ಅವರಿಗೆ ಮಾತು ಇರುವಾಗಲೇ ಕೇಳಿ.

ಮತ್ತೆ, ಬೋರ್ಡು ಬರೆಸುವಾಗ ಚೌಕಾಶಿ ಮಾಡಿ, ತಪ್ಪಿಲ್ಲ. ಒತ್ತನ್ನು ಮಾತ್ರ ಎಣಿಸಿ ದುಡ್ಡು ಕೊಡಿ.