ಚಾಪೆ ಸುತ್ತುವವರೆಗೆ

ಇಲ್ಲ ಮಾವ, ಆ ಮಾಂಟೆಸ್ಸರಿ ಸ್ಕೂಲು ನನ್ನನ್ನು ಕೆಡಿಸಲಿಲ್ಲ. ಮರಗೆಲಸ ಕಲಿಯೋಕೆ ಹೋಗ್ತೀನಿ ಅಂದಿದ್ದಕ್ಕೆ ಬೆಳಿಗ್ಗೆ ಎಷ್ಟು ಕೂಗಾಡಿದಿರಿ! "ಅಂಗಡಿ ಬಿಟ್ಟು ಮರ ಕೆರೆಯೋಕೆ ಹೋಗ್ತೀಯೇನೋ? ಆ ಆಟದ ಸ್ಕೂಲೇ ನಿನ್ನ ಕೆಡಿಸ್ಬುಡ್ತು!"

ನೀವು ಊಟಕ್ಕೆ ಮನೆಗೆ ಹೋದ ಮೇಲೆ ಗಿರಾಕಿಗೆ ಒಂದು ಚಾಪೆ ಬಿಚ್ಚಿದೆ. ಆ ಹುಲ್ಲಿನ ವಾಸನೆ ನನ್ನನ್ನು ಸೀದಾ ಚಾಮರಾಜಪುರಂನ ಆ ಸ್ಕೂಲಿನ ಹಜಾರಕ್ಕೆ ಎಳೆದೊಯ್ದಿತು.

ಅಲ್ಲಿ ನಮ್ಮ ಕೆಲಸವನ್ನು ನಾವೇ ಆರಿಸಿಕೊಂಡು, ಸಣ್ಣ ಚಾಪೆ ಹಾಸಿ ಕೂರುತ್ತಿದ್ದೆವು. ಒಬ್ಬರ ಚಾಪೆಯನ್ನು ಇನ್ನೊಬ್ಬರು ತುಳಿಯುವಂತಿರಲಿಲ್ಲ, ಪಾಠ ಹೇಳುವ ಆಂಟಿ ಕೂಡ. ನಾನು ದಿನವೂ ಮರದ ಗೂಟಗಳನ್ನು ಅವುಗಳ ಅಳತೆಯ ಕುಳಿಗೆ ಕೂರಿಸುತ್ತಿದ್ದೆ. ಒಮ್ಮೆ ನೀವು ಕರೆದೊಯ್ಯಲು ಬಂದಿರಿ.

"ಏಳೋ, ಅಂಗಡಿಗೆ ಹೊತ್ತಾಯ್ತು."

ಆಂಟಿ ಮೆಲ್ಲಗೆ ಹೇಳಿದರು: "ಅವನ ಕೆಲಸ ಇನ್ನೂ ಮುಗಿದಿಲ್ಲ ಕಣ್ರೀ. ಚಾಪೆ ಸುತ್ತೋವರೆಗೂ ಕೂತ್ಕೊಳ್ಳಿ."

ನೀವು ಮಕ್ಕಳ ಕುರ್ಚಿಯಲ್ಲಿ, ಮೊಣಕಾಲು ಎದೆಗೆ ತಾಗಿಸಿಕೊಂಡು ಕಾದಿರಿ. "ಸಾಹೇಬ್ರದು ಆಯ್ತಾ?" ಅಂತ ನಕ್ಕಿರಿ ಕೂಡ.

ಹತ್ತನೇ ಕ್ಲಾಸು ಮುಗಿದದ್ದೇ ಮಂಡಿ ಮೊಹಲ್ಲಾದ ಈ ಚಾಪೆ ಅಂಗಡಿಯಲ್ಲಿ ಕೂರಿಸಿದಿರಿ. ಅಂದಿನಿಂದ ಊರಿನವರಿಗೆಲ್ಲ ಚಾಪೆ ಬಿಚ್ಚುತ್ತೇನೆ, ಸುತ್ತುತ್ತೇನೆ. ಒಂದೂ ನಾನು ಆರಿಸಿಕೊಂಡು ಹಾಸಿದ್ದಲ್ಲ. ಈ ರಾಶಿಗಳ ನಡುವೆ ಕೈ ಚಾಚಿದರೆ ಗೋಡೆ ತಾಗುತ್ತದೆ.

ಗಿರಾಕಿ ಕೊಳ್ಳದೆ ಹೋದ. ಚಾಪೆ ಸುತ್ತಿ, ತೆಗೆದ ಜಾಗದಲ್ಲೇ ಇಟ್ಟಿದ್ದೇನೆ. ಅದೂ ಆ ಸ್ಕೂಲಲ್ಲೇ ಕಲಿತದ್ದು. ಮಾವ, ಇಲ್ಲಿ ನನ್ನ ಕೆಲಸ ಮುಗಿಯಿತು. ಮರಗೆಲಸದ ಶೆಡ್ಡಿಗೆ ಹೊರಟಿದ್ದೇನೆ; ಬೀಗದ ಕೈ ಈ ಚೀಟಿಯ ಜೊತೆ ಪಕ್ಕದಂಗಡಿಯಲ್ಲಿರುತ್ತದೆ. ಆಂಟಿ ಕಲಿಸಿದ ಹಾಗೆ, ಹಿಡಿಯನ್ನು ಬಿಡದೆ, ಸದ್ದಾಗದಂತೆ ಬಾಗಿಲು ಹಾಕಿಕೊಂಡು ಹೋಗುತ್ತೇನೆ.