ಒಂದೂ ರೇಸ್ ಗೆಲ್ಲದ ಚಾಂಪಿಯನ್

ನನ್ನ ತಂಗಿ ಶ್ವೇತಾ ಹೋದ ವರ್ಷ ಬೈಕ್ ರೇಸಿನಲ್ಲಿ ಚಾಂಪಿಯನ್ ಆದಳು. ಗೆದ್ದ ರೇಸ್ ಎಷ್ಟು? ಒಂದೂ ಇಲ್ಲ.

ನಗಬೇಡಿ. ಶ್ವೇತಾಗೆ (ಇದೇ ಅಂಕಣದಲ್ಲಿ ಹಿಂದೊಮ್ಮೆ ನನ್ನ ಸ್ಕೂಟರಿನ ಮಾನ ಕಳೆದವಳು) ಕಾಮಾಕ್ಷಿಪಾಳ್ಯದಲ್ಲಿ ಟೂ-ವೀಲರ್ ಗ್ಯಾರೇಜಿದೆ. ಸುತ್ತಮುತ್ತಲಿನ ಮೆಕ್ಯಾನಿಕ್‌ಗಳೆಲ್ಲ ಸೇರಿ ಕೆಂಗೇರಿಯಾಚೆ ಮಣ್ಣಿನ ಟ್ರ್ಯಾಕಿನಲ್ಲಿ ವರ್ಷಕ್ಕೆ ಐದು ಭಾನುವಾರ ರೇಸ್ ನಡೆಸುತ್ತಾರೆ. ಮೊದಲು ಬಂದವರಿಗೆ ಹತ್ತು ಪಾಯಿಂಟ್, ಎರಡನೆಯವರಿಗೆ ಒಂಬತ್ತು, ಹೀಗೇ ಇಳಿಯುತ್ತದೆ. ಪಕ್ಕದ ಗ್ಯಾರೇಜಿನ ಮಂಜ ನಾಲ್ಕು ರೇಸ್ ಗೆದ್ದ. ನಾಲ್ಕರಲ್ಲೂ ಇವಳು ಎರಡನೆಯವಳು. ಐದನೆಯದರಲ್ಲಿ ಅವನ ಬೈಕಿನ ಚೈನ್ ಕಟ್ಟಾಗಿ ಸೊನ್ನೆ ಬಂತು.

ಆಗ ಶ್ವೇತಾಳ ಮುಂದಿದ್ದದ್ದು ಒಂದೇ ಬೈಕು. ಹಿಂದೆ ಹಾಕಬಹುದಿತ್ತು. ಟ್ರ್ಯಾಕಿನ ಪಕ್ಕ ನಿಂತಿದ್ದ ನಾನು (ಗಣಿತದ ಮೇಷ್ಟ್ರು ನೋಡಿ, ಸುಮ್ಮನಿರಲಾದೀತೇ?) ಸ್ಲೇಟಿನ ಮೇಲೆ ‘ಎರಡೇ ಸಾಕು’ ಎಂದು ಬರೆದು ತೋರಿಸಿದೆ. ಅವಳು ವೇಗ ಇಳಿಸಿದಳು. ಅವಳಿಗೆ ನಲವತ್ತೈದು, ಮಂಜನಿಗೆ ನಲವತ್ತು. ಕಪ್ ಅವಳದಾಯಿತು, ಕೊಂಬು ಬಂದದ್ದು ನನಗೆ.

ಕಪ್ ಗ್ಯಾರೇಜಿನ ಶೆಲ್ಫ್ ಸೇರಿತು. ಸರ್ವಿಸಿಗೆ ಸ್ಕೂಟರ್ ತಂದ ಆಂಟಿಯೊಬ್ಬರು ಯಾವ ರೇಸ್ ಗೆದ್ದದ್ದಮ್ಮಾ ಎಂದು ಕೇಳಿದರಂತೆ. ಇವಳು ಕಪ್ಪನ್ನು ಆಯಿಲ್ ಡಬ್ಬಿಗಳ ಹಿಂದಕ್ಕೆ ತಳ್ಳಿದಳು. ಕೋಪವೆಲ್ಲ ನನ್ನ ಸ್ಲೇಟಿನ ಮೇಲೆ.

ಕಳೆದ ವಾರ ಹೊಸ ಸೀಸನ್ನಿನ ಮೀಟಿಂಗ್. ಮೊದಲ ಸ್ಥಾನಕ್ಕೆ ಹದಿನೈದು ಪಾಯಿಂಟ್ ಕೊಡಿ ಎಂದು ಹಟ ಹಿಡಿದವಳು ಇವಳೇ. ಆ ಲೆಕ್ಕದಲ್ಲಿ ಹೋದ ವರ್ಷದ ಕಪ್ ಮಂಜನದು! ಬೇಡ ಅಂದವನು ಯಾರು? ಮಂಜನೇ. ಚೈನ್ ನೋಡಿಕೊಳ್ಳುವುದೂ ರೇಸೇ ಅಲ್ಲವಾ, ನೀನು ಐದನ್ನೂ ಮುಗಿಸಿದೆ, ಕಪ್ ನಿನ್ನದೇ ಎಂದ. ನ್ಯಾಯವಾದ ಮಾತೇ.

ಶ್ವೇತಾ ಬಿಡಲಿಲ್ಲ. “ನಿನ್ ಚೈನ್ ವಿಷ್ಯ ಸರಿ ಕಣೋ. ಆದ್ರೆ ನಾನು ಓವರ್‌ಟೇಕ್ ಮಾಡ್ದೇ ಸುಮ್ನಿದ್ದಿದ್ದಕ್ಕೆ ಕಪ್ ಕೊಟ್ರಲ್ಲಾ, ಅದು ತಪ್ಪು.”

ಕೈ ಎತ್ತಿಸಿದರು. ಹದಿನೈದು ಪಾಸಾಯಿತು.

ಪಾಯಿಂಟ್ ಎಂದರೆ ಗೆದ್ದವರನ್ನು ಅಳೆಯುವುದಕ್ಕೆ ಎಂದುಕೊಂಡಿದ್ದೆ. ಹೇಗೆ ಓಡಿಸಬೇಕು ಎಂದು ಕಲಿಸುವುದೂ ಅದೇ. ನಮ್ಮ ಸ್ಕೂಲಿನಲ್ಲೂ ಅಷ್ಟೇ ತಾನೆ? ಮೂವತ್ತೈದು ಸಾಕು ಎಂದು ನಾನೇ ಹೇಳಿಕೊಟ್ಟ ಮಕ್ಕಳು ಮೂವತ್ತಾರನೆಯ ಮಾರ್ಕಿನ ಪ್ರಶ್ನೆ ತಿರುಗಿಯೂ ನೋಡುವುದಿಲ್ಲ. ನಾಚಿಕೆಯಾಯಿತು.

ಈ ಭಾನುವಾರ ಮೊದಲ ರೇಸ್. ಶ್ವೇತಾ ಗೆಲ್ಲಲೇಬೇಕು ಎಂದು ಹೊರಟಿದ್ದಾಳೆ. ನನಗೂ ಕರೆ ಬಂದಿದೆ, ಒಂದೇ ಷರತ್ತಿನ ಮೇಲೆ.

“ಬಾ ಅಣ್ಣಾ. ಸ್ಲೇಟ್ ಮಾತ್ರ ಮನೇಲಿಟ್ಟು ಬಾ.”